ಅಡ್ಡಡ್ಡ ಓದಿದವಳು

ಜೆರಾಕ್ಸ್ ಅಂಗಡಿಯ ಯಂತ್ರದಿಂದ ಆಗತಾನೇ ಹೊರಬಿದ್ದ ಹಾಳೆಯನ್ನು ನೀವೆಂದಾದರೂ ಮೂಸಿ ನೋಡಿದ್ದೀರಾ? ಇಸ್ತ್ರಿಪೆಟ್ಟಿಗೆಯನ್ನು ಒಂದು ಗಳಿಗೆ ಹೆಚ್ಚಾಗಿ ಇಟ್ಟುಬಿಟ್ಟ ಹತ್ತಿಯ ಅಂಗಿಯ ವಾಸನೆ ಅದಕ್ಕೆ. ಕೆಲವರಿಗೆ ಅದು ಹಿತವಂತೆ. ನಾನು ಮಾತ್ರ ಹಾಳೆಯನ್ನು ತೋಳುದ್ದ ದೂರ ಹಿಡಿಯುತ್ತೇನೆ. ಮೊನ್ನೆ ಜೆ.ಪಿ. ನಗರದಲ್ಲಿ ನಮ್ಮ ಮನೆ ಹತ್ತಿರದ ಅಂಗಡಿಗೆ ನಾನೇ ಬರೆದ ಎರಡು ಪುಟಗಳ ಪ್ರಿಂಟ್ ತೆಗೆಸಲು ಹೋಗಿದ್ದಾಗಲೂ ಹಾಗೇ ಮಾಡಿದೆ. ಅಂಗಡಿಯವನು ಮಾನಿಟರನ್ನು ನನ್ನ ಕಡೆ ತಿರುಗಿಸಿ, "ಅಂಕಲ್, ಇಲ್ಲೇ ನೋಡ್ಕೊಂಡ್ಬಿಡಿ. ತಪ್ಪಿದ್ರೆ ಇಲ್ಲೇ ಸರಿ ಮಾಡೋಣ. ಸುಮ್ನೆ ಪೇಪರ್ ಯಾಕೆ ವೇಸ್ಟು?" ಎಂದ.

"ಬೇಡಪ್ಪ, ಹಾಳೇಲೇ ನೋಡ್ತೀನಿ."

"ಎಲ್ಲಿ ನೋಡಿದ್ರೂ ಅದೇ ಅಕ್ಷರ ಅಲ್ವಾ ಅಂಕಲ್?"

ಇದಕ್ಕೆ ಉತ್ತರ ಅಂಗಡಿಯ ಮುಂದೆ ನಿಂತು ಹೇಳುವಂಥದ್ದಲ್ಲ. ನನ್ನ ಹಿಂದೆ ಮೂರು ಜನ ಕಾಯುತ್ತಿದ್ದರು. ನೀವಾದರೆ ಆರಾಮಾಗಿ ಕೂತಿದ್ದೀರಿ, ನಿಮಗೆ ಹೇಳಬಹುದು.

ನಾನು ಪುಕ್ಕಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮನೆಗೆ ಬೀಗ ಹಾಕಿ, ಎಳೆದು ನೋಡಿ, ಬಸ್‌ಸ್ಟಾಪಿನವರೆಗೆ ನಡೆದು, ಮತ್ತೆ ಹಿಂದೆ ಬಂದು ಎಳೆದು ನೋಡುವ ಪೈಕಿ. "ನೀವು ಎಳೆದೂ ಎಳೆದೂ ಒಂದಿನ ಅದು ಕೈಗೇ ಬರುತ್ತೆ ನೋಡ್ತಿರಿ" ಎನ್ನುತ್ತಾಳೆ ನನ್ನ ಹೆಂಡತಿ. ಇಂಥವನು ಸುಮಾರು ಇಪ್ಪತ್ತೈದು ವರ್ಷದ ಹಿಂದೆ, ನಿಜವಾಗಿಯೂ ಹೆದರಬೇಕಾಗಿದ್ದ ಒಂದೇ ಒಂದು ಸಂದರ್ಭದಲ್ಲಿ, ಹೆದರಲಿಲ್ಲ.

ಆಗ ನಾನು ಜಯನಗರದ ಒಂದು ಸಣ್ಣ ಧರ್ಮಾಸ್ಪತ್ರೆಯಲ್ಲಿ ಗುಮಾಸ್ತನಾಗಿದ್ದೆ. ಒಬ್ಬರು ಡಾಕ್ಟರು, ಒಬ್ಬರು ನರ್ಸು, ಒಂದು ಬೆಂಚು, ನಾನು. ಕಾಲೇಜಿನಲ್ಲಿ ನಾಲ್ಕು ಕವಿತೆ ಬರೆದಿದ್ದೆನೆಂದು ಯಾವುದೋ ದುರ್ಬಲ ಗಳಿಗೆಯಲ್ಲಿ ಡಾಕ್ಟರ ಮುಂದೆ ಬಾಯಿಬಿಟ್ಟಿದ್ದರಿಂದ ಆಸ್ಪತ್ರೆಯ ಕರಪತ್ರಗಳನ್ನೆಲ್ಲ ಬರೆಯುವ ಕೆಲಸ ನನಗೇ ಬಿತ್ತು. ಭೇದಿಯಾದರೆ ಏನು ಮಾಡಬೇಕು, ನಾಯಿ ಕಚ್ಚಿದರೆ ಏನು ಮಾಡಬಾರದು, ಇಂಥವು. ಕವಿತೆಗೆ ಸಿಗದ ಓದುಗರು ನಾಯಿ ಕಡಿತಕ್ಕೆ ಸಿಕ್ಕರು ಎಂದು ಒಳಗೊಳಗೇ ಬೀಗುತ್ತಿದ್ದೆ.

ಮೊದಮೊದಲು ಈ ಕರಪತ್ರಗಳು ಬನಶಂಕರಿಯ ಒಂದು ಹಳೆಯ ಪ್ರೆಸ್ಸಿನಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸಿ ಅಚ್ಚಾಗುತ್ತಿದ್ದವು. ಅಲ್ಲಿ ಕರಡು ತಿದ್ದುತ್ತಿದ್ದವರು ನಂಜುಂಡಯ್ಯನವರು. ಎಪ್ಪತ್ತರ ಹತ್ತಿರದ ವಯಸ್ಸು, ಕಿವಿಗೆ ಸಿಕ್ಕಿಸಿದ ಕೆಂಪು ಪೆನ್ಸಿಲ್ಲು. ಬರೆದವನು ತನ್ನ ಕರಡನ್ನು ತಾನೇ ನೋಡಕೂಡದು ಎಂಬುದು ಅವರ ಕಟ್ಟಪ್ಪಣೆ. ನನ್ನ ಕೈಗೆ ಹಸ್ತಪ್ರತಿ ಕೊಟ್ಟು ಜೋರಾಗಿ ಓದಿಸುತ್ತಿದ್ದರು. ತಾವು ಅಚ್ಚಾದ ಹಾಳೆಯ ಮೇಲೆ ಹಳೆಯ ಪೋಸ್ಟ್‌ಕಾರ್ಡೊಂದನ್ನು ಸಾಲಿನಿಂದ ಸಾಲಿಗೆ ಜಾರಿಸುತ್ತಾ ಹೋಗುತ್ತಿದ್ದರು. ನಾನು ಹಾಳೆಯ ಕಡೆ ಕತ್ತು ಚಾಚಿದರೆ ಕಾರ್ಡಿನಿಂದಲೇ ಮುಚ್ಚಿಬಿಡುತ್ತಿದ್ದರು.

"ನಾನೇ ಬರೆದಿದ್ದು, ನಾನು ನೋಡಬಾರದೇನ್ರೀ?" ಎಂದು ಒಮ್ಮೆ ರೇಗಿದ್ದೆ.

"ನೀವು ನೋಡೋದು ಹಾಳೇನಲ್ಲ ಸ್ವಾಮಿ, ನಿಮ್ಮ ತಲೇಲಿರೋದನ್ನ. ಸುಮ್ನೆ ಓದಿ ಮುಂದಕ್ಕೆ" ಎಂದಿದ್ದರು.

ಆಮೇಲೆ ಜಯನಗರದಲ್ಲಿ ಬೀದಿಗೊಂದು ಡಿ.ಟಿ.ಪಿ. ಅಂಗಡಿ ಬಂತು. ನಮ್ಮ ಆಸ್ಪತ್ರೆಯ ಎದುರಿಗೇ ಒಂದು. ಗೀತಾ ಎಂಬ ಹುಡುಗಿ ಎರಡೂ ಕೈಯಲ್ಲಿ ಕನ್ನಡವನ್ನು ಪಟಪಟನೆ ಹೊಡೆಯುತ್ತಿದ್ದಳು. ನನ್ನ ಸಾಲುಗಳು ಕಂಪ್ಯೂಟರಿನ ಗಾಜಿನ ಮೇಲೆ ಬೆಳಗುತ್ತಾ ಮೂಡಿದಾಗ, ನಿಜ ಹೇಳುತ್ತೇನೆ, ಯಾರೋ ದೊಡ್ಡವರು ಬರೆದಂತೆ ಕಾಣುತ್ತಿದ್ದವು. ಹಾಳೆಯ ಮೇಲಿನ ಕರಡು ಎಷ್ಟಾದರೂ ಕರಡು. ಮಸಿ ಮೆತ್ತಿಕೊಂಡು, "ನನ್ನನ್ನು ತಿದ್ದು" ಎಂದು ಕೇಳಿಕೊಳ್ಳುತ್ತದೆ. ತೆರೆಯ ಮೇಲಿನದು ಹಾಗಲ್ಲ, ಆಗಲೇ ಸ್ನಾನ ಮಾಡಿ, ಗಂಧ ಹಚ್ಚಿಕೊಂಡು ಕೂತಿರುತ್ತದೆ. ಅದರಲ್ಲಿ ತಪ್ಪು ಹುಡುಕಲು ಮನಸ್ಸೇ ಬರುವುದಿಲ್ಲ. ನಾನು ನಂಜುಂಡಯ್ಯನವರ ಕಡೆ ಹೋಗುವುದನ್ನು ಬಿಟ್ಟೆ.

ಆ ವರ್ಷ ಜರಗನಹಳ್ಳಿಯಲ್ಲಿ ಒಂದು ಭಾನುವಾರ ಮಕ್ಕಳ ಆರೋಗ್ಯ ಶಿಬಿರವಿತ್ತು. ಜ್ವರದ ಸಿರಪ್ಪಿನ ಸೀಸೆಯ ಜೊತೆಗೆ ಕೊಡಲು ಒಂದು ಕರಪತ್ರ ಬೇಕಿತ್ತು. ಅದರ ನಡುವೆ ಒಂದು ಪಟ್ಟಿ: ಎಡಗಡೆ ಮಗುವಿನ ವಯಸ್ಸು, ಬಲಗಡೆ ಔಷಧದ ಅಳತೆ. ಮೂರು ತಿಂಗಳಿಂದ ಒಂದು ವರ್ಷದವರಿಗೆ ಕಾಲು ಚಮಚ, ಮೂರು ವರ್ಷದವರೆಗೆ ಅರ್ಧ, ಐದರವರೆಗೆ ಒಂದು. ಗೀತಾ ವಯಸ್ಸನ್ನೊಂದು ಕಂಬದಲ್ಲಿ, ಅಳತೆಯನ್ನೊಂದು ಕಂಬದಲ್ಲಿ, ಬೇರೆಬೇರೆಯಾಗಿ ಹೊಡೆದು ಪಕ್ಕಪಕ್ಕ ಕೂರಿಸಿದ್ದಳು. ಶನಿವಾರ ಬೆಳಿಗ್ಗೆ ಡಾಕ್ಟರು, "ಮೂರು ತಿಂಗಳೊಳಗಿನ ಕೂಸಿಗೆ ಇದನ್ನ ಕೊಡ್ಲೇಬಾರದು, ಸೀದಾ ಇಲ್ಲಿಗೆ ಕರ್ಕೊಂಡ್ಬರ್ಬೇಕು. ಅದನ್ನ ಸೇರಿಸಿ" ಎಂದರು. ನಾನು ಒಂದು ಚೀಟಿಯಲ್ಲಿ ಆ ಎರಡು ಮಾತು ಗೀಚಿ ಗೀತಾಳ ಮೇಜಿನ ಮೇಲಿಟ್ಟೆ. ಎಲ್ಲಿ ಸೇರಿಸಬೇಕೆಂದು ಬರೆಯಲಿಲ್ಲ. ನನ್ನ ತಲೆಯಲ್ಲಿ ಅದು ಸ್ಪಷ್ಟವಾಗಿತ್ತಲ್ಲ!

ಅವಳು ವಯಸ್ಸನ್ನು ಎಡಕಂಬದ ತಲೆಗೆ ಸೇರಿಸಿದಳು. "ಕೊಡಬೇಡಿ, ಕರೆತನ್ನಿ" ಎಂಬುದನ್ನು ಬಲಕಂಬದ ಬುಡಕ್ಕೆ.

ಆ ಕಾಲದ ಪುಟ್ಟ ಮಾನಿಟರಿನಲ್ಲಿ ಕನ್ನಡದ ಒತ್ತಕ್ಷರ ಕಾಣಬೇಕಾದರೆ ಪುಟವನ್ನು ಹಿಗ್ಗಿಸಬೇಕಿತ್ತು. ಹಿಗ್ಗಿಸಿದರೆ ಅರ್ಧ ಪುಟವಷ್ಟೇ ಕಾಣುತ್ತಿತ್ತು. ಎಡಕಂಬ ನೋಡಿದೆ: ನಾಲ್ಕು ಸಾಲು, ಸರಿ. ಗೀತಾ ಪುಟವನ್ನು ಪಕ್ಕಕ್ಕೆ ಸರಿಸಿದಳು. ಬಲಕಂಬ ನೋಡಿದೆ: ನಾಲ್ಕು ಸಾಲು, ಸರಿ.

"ಒಂದು ಪ್ರಿಂಟ್ ತೆಗೀಲಾ ಸಾರ್, ನೋಡ್ತೀರಾ?" ಎಂದು ಅವಳು ಕೇಳಿದಳು.

"ನೋಡಿದ್ನಲ್ಲಮ್ಮ, ಸಖತ್ತಾಗಿದೆ. ಅಚ್ಚಿಗೆ ಕಳಿಸಿಬಿಡು" ಎಂದೆ.

ಸೋಮವಾರ ಬೆಳಿಗ್ಗೆ, ಶಿಬಿರದಲ್ಲಿ ಹಂಚಿ ಉಳಿದಿದ್ದ ಒಂದು ಕರಪತ್ರವನ್ನು ಹಿಡಿದುಕೊಂಡು ನಂಜುಂಡಯ್ಯನವರಲ್ಲಿಗೆ ಹೋದೆ. ಮುದುಕರಿಗೆ ಕಂಪ್ಯೂಟರಿನ ಅಂದ ತೋರಿಸಬೇಕಿತ್ತು. ಇನ್ನೊಂದು ಮಾತಿನಲ್ಲಿ ಹೇಳುವುದಾದರೆ, ಜಂಬ. ಅವರು ಅಕ್ಷರವನ್ನು ಹೊಗಳಲಿಲ್ಲ. ಪೋಸ್ಟ್‌ಕಾರ್ಡನ್ನು ಪಟ್ಟಿಯ ಮೊದಲ ಸಾಲಿನ ಕೆಳಗೆ ಇಟ್ಟರು. ಕೆಂಪು ಪೆನ್ಸಿಲ್ಲು ಕಿವಿಯಲ್ಲೇ ಇತ್ತು.

"ಎರಡು ತಿಂಗಳ ಕೂಸಿಗೆ ಕಾಲು ಚಮಚ ಕೊಡಬಹುದೇನು ಸ್ವಾಮಿ?"

ನಾನು ಹಾಳೆಯನ್ನು ಎಳೆದುಕೊಂಡು ಅಡ್ಡಡ್ಡವಾಗಿ ಓದಿದೆ. ಒಂದೊಂದು ಅಳತೆಯೂ ಒಂದೊಂದು ಸಾಲು ಮೇಲಕ್ಕೆ ಹತ್ತಿ ಕೂತಿತ್ತು. ವರ್ಷ ತುಂಬದ ಕೂಸಿಗೆ ಅರ್ಧ ಚಮಚ. ಎರಡು ವರ್ಷದ ಮಗುವಿಗೆ ಒಂದು. ನಾಲ್ಕು ವರ್ಷದ ಮಗುವಿಗೆ "ಕೊಡಬೇಡಿ". ಮೂವತ್ತೆಂಟು ತಾಯಂದಿರು ಅದನ್ನು ಮನೆಗೆ ಒಯ್ದು ಒಂದು ದಿನ ಕಳೆದಿತ್ತು.

ಡಾಕ್ಟರಿಗೆ ಹೇಗೆ ಹೇಳಿದೆನೋ ನೆನಪಿಲ್ಲ. ಅವರು ಬೈಯಲಿಲ್ಲ. ಶಿಬಿರದ ರಿಜಿಸ್ಟರನ್ನು ನನ್ನ ಕೈಗೆ ತುರುಕಿ, ನರ್ಸು ಲೀಲಮ್ಮನವರನ್ನು ಜೊತೆಗೆ ಕಳಿಸಿದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಕನಕಪುರ ರಸ್ತೆಯ ಬಸ್ಸಿನಲ್ಲಿ ಉದ್ದಕ್ಕೂ ಅನ್ನಿಸಿತು.

ಜರಗನಹಳ್ಳಿಯ ಬಾಡಿಗೆ ಮನೆಗಳ ಸಾಲುಗಳಲ್ಲಿ ನಾವಿಬ್ಬರೂ ಬಾಗಿಲು ಬಾಗಿಲು ತಟ್ಟಿದೆವು. ಎಷ್ಟು ಹಾಕಿದ್ರಿ ಎಂದು ಲೀಲಮ್ಮ ಕೇಳುವುದು, ಹಾಳೆ ಎಲ್ಲಿ ಎಂದು ನಾನು ಕೇಳುವುದು. ಒಂದು ಮನೆಯಲ್ಲಿ ನನ್ನ ಕರಪತ್ರ ಉಪ್ಪಿನಕಾಯಿ ಜಾಡಿಯ ಬಾಯಿಗೆ ಕಟ್ಟಿತ್ತು. ಇನ್ನೊಂದರಲ್ಲಿ ಸ್ಟವ್ವಿನ ಕೆಳಗೆ ಹಾಸಿತ್ತು. ಒಬ್ಬಾಕೆ ಅದರ ಬೆನ್ನ ಮೇಲೆ ಸಾಮಾನಿನ ಪಟ್ಟಿ ಬರೆದು ದಿನಸಿ ಅಂಗಡಿಗೇ ಕಳಿಸಿದ್ದಳು. "ಅಯ್ಯೋ, ಸಿಸ್ಟರ್ ಬಾಯಲ್ಲೇ ಹೇಳಿದ್ರಲ್ಲ ಸಾರ್, ಅದನ್ಯಾರು ಓದ್ತಾರೆ?" ಎಂದಳು. ಬೇರೆ ದಿನವಾಗಿದ್ದರೆ ವಾರಗಟ್ಟಲೆ ಮುಖ ಊದಿಸಿಕೊಂಡು ಇರುತ್ತಿದ್ದೆ. ಅಂದು ಒಂದೊಂದು ಎಣ್ಣೆಗಲೆಯನ್ನೂ ಕಣ್ಣಿಗೊತ್ತಿಕೊಳ್ಳುವಂತಾಯಿತು. ಓದಿಲ್ಲ! ದೇವರೇ, ಯಾರೂ ಓದಿಲ್ಲ!

ಮಂಗಳವಾರ ಹನ್ನೊಂದು ಗಂಟೆಗೆ ಮೂವತ್ತೇಳು ಮನೆ ಮುಗಿದಿತ್ತು. ಉಳಿದದ್ದು ಒಂದು. ರಿಜಿಸ್ಟರಿನಲ್ಲಿ ಹೀಗಿತ್ತು: ಶಾಂತವ್ವ, ಎರಡು ಹೆಣ್ಣುಮಕ್ಕಳು, ನಾಲ್ಕು ವರ್ಷ, ಎರಡು ತಿಂಗಳು. ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯಾಕೆ ಹೇಳಿದಳು: "ಅವ್ರಾ? ಬಿಜಾಪುರದ ಕಡೆಯವ್ರು. ಗಂಡನ ಕೆಲ್ಸ ತಲಘಟ್ಟಪುರದಲ್ಲಿ, ಅಲ್ಲಿಗೇ ಹೋಗವ್ಳೆ. ಯಾಕೆ ಸಾರ್, ಆ ಚೀಟಿಗಾ? ಅವ್ಳು ಬಿಡಲ್ಲ, ಓದಿರ್ತಾಳೆ. ಕಡ್ಲೆಕಾಯಿ ಕಟ್ಟಿದ ಪೇಪರ್ ಸಿಕ್ಕಿದ್ರೂ ಓದ್ತಾಳೆ."

ಜೀವಮಾನವಿಡೀ ನಾನು ಹುಡುಕಿದ ಓದುಗಿ ಅವಳು. ಲೀಲಮ್ಮ ನನ್ನ ಮುಖ ನೋಡಿ, "ನಡೀರಿ, ನಡೀರಿ, ನಿಂತ್ಕೋಬೇಡಿ" ಎಂದು ದೂಡಿಕೊಂಡೇ ಬಸ್‌ಸ್ಟಾಪಿಗೆ ಕರೆದೊಯ್ದರು.

ತಲಘಟ್ಟಪುರದಲ್ಲಿ ಕಟ್ಟುತ್ತಿದ್ದ ಒಂದು ಮನೆಯ ಮಗ್ಗುಲಿಗೆ ತಗಡಿನ ಗುಡಿಸಲು. ಹೊರಗೆ ದೊಡ್ಡ ಹುಡುಗಿ ಜ್ವರದಲ್ಲಿ ಕೆಂಪಗಾಗಿ, ಮರಳ ಗುಡ್ಡೆಗೆ ಒರಗಿ ಕೂತಿದ್ದಳು. ಒಳಗಿಂದ ಕೂಸಿನ ಸದ್ದಿರಲಿಲ್ಲ. ಎಳೆಗೂಸಿರುವ ಮನೆಯಲ್ಲಿ ಸದ್ದಿಲ್ಲದಿದ್ದರೆ ಸಾಮಾನ್ಯವಾಗಿ ಜನ ಮೆಲ್ಲಗೆ ಮಾತಾಡುತ್ತಾರೆ. ನಾನು, "ಶಾಂತವ್ವಾ!" ಎಂದು ಕಿರುಚಿದೆ.

ಅವಳು ಸೆರಗು ಸರಿಮಾಡಿಕೊಳ್ಳುತ್ತಾ ಹೊರಬಂದಳು. ಇಪ್ಪತ್ತೆರಡು ದಾಟಿರಲಿಕ್ಕಿಲ್ಲ. "ಯಾಕ್ರಿ ಸರ? ಕೂಸು ಮಲಗೇತ್ರಿ."

"ಔಷಧಿ ಹಾಕಿದ್ಯಾ ಮಗೂಗೆ?" ಲೀಲಮ್ಮ ಆಗಲೇ ಒಳಗಿದ್ದರು.

"ಹಾಕೀನ್ರಿ. ನಿನ್ನಿ ಸಂಜಿಕ ಒಮ್ಮಿ, ಇವತ್ತ ಮುಂಜಾನೆ ಒಮ್ಮಿ. ಕಾಲ ಚಮಚ." ಆಮೇಲೆ ಹೊರಗಿದ್ದ ಹುಡುಗಿಯ ಕಡೆ ಕೈ ಮಾಡಿ, "ದೊಡ್ಡಾಕಿಗೂ ಮೈ ಸುಡಾಕತ್ತೈತ್ರಿ. ಆದ್ರ ಆಕಿಗಿ ಕೊಡಬ್ಯಾಡ್ರಿ ಅಂತ ಬರದೈತಲ್ರಿ, ಹಂಗಂತ ಬಿಟ್ಟೀನಿ" ಎಂದಳು.

"ನಾನು ಕ್ಯಾಂಪಲ್ಲಿ ಹೇಳಿರ್ಲಿಲ್ವೇನೇ, ಚಿಕ್ಕದಕ್ಕೆ ಹಾಕ್ಬೇಡ ಅಂತ?" ಲೀಲಮ್ಮ ಒಳಗಿಂದಲೇ ಗದರಿದರು.

"ಹೇಳಿದ್ರಿ, ಖರೆ." ಅವಳು ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದ್ದ ನನ್ನ ಕರಪತ್ರವನ್ನು ತಂದಳು. ಒಂದು ಮಡಿಕೆಯಿಲ್ಲ, ಒಂದು ಕಲೆಯಿಲ್ಲ. "ನೀವು ಗದ್ದಲದಾಗ ಬಾಯಿಲೆ ಹೇಳಿದ್ರಿ. ಇದು ಅಚ್ಚ ಹಾಕ್ಸಿದ್ದು. ಅಚ್ಚ ಹಾಕ್ಸೂ ಮುಂದ ನಾಕ ಮಂದಿ ನೋಡೇ ನೋಡಿರ್ತಾರಲ್ರಿ?"

ನಾಲ್ಕು ಮಂದಿ.

ಜೇಬಿನಿಂದ ಪೆನ್ನು ತೆಗೆದು ಪಟ್ಟಿಯ ಮೇಲೆ ಗೀಟು ಎಳೆದು, ಇದು ಇಲ್ಲಿಗೆ, ಅದು ಅಲ್ಲಿಗೆ ಎಂದು ಬಾಣದ ಗುರುತು ಹಾಕತೊಡಗಿದೆ. ಅವಸರಕ್ಕೆ ಬಾಣಗಳು ಹುಳುಗಳಂತಾದವು. ಅವಳು ಹಾಳೆಯನ್ನು ಹಿಂದಕ್ಕೆ ಕಿತ್ತುಕೊಂಡಳು. "ಯಾಕ್ರಿ ಕೆಡಸ್ತೀರಿ? ನೀವು ಕೈಲೆ ಗೀಚಿದ್ದ ನಂಬಲೇನ್ರಿ ನಾ, ಅಚ್ಚಾದದ್ದ ನಂಬಲೇನ್ರಿ?"

"ಅಮ್ಮಾ, ಅದನ್ನ ಬರೆದಿದ್ದೇ ನಾನು."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಂಬಿಕೆ ಬಂದಂತೆ ಕಾಣಲಿಲ್ಲ. ಅವಳ ಕಣ್ಣಿನಲ್ಲಿ ಅಚ್ಚಿನ ಅಕ್ಷರ ಎಲ್ಲೋ ಎತ್ತರದಿಂದ ಇಳಿದು ಬರುವಂಥದ್ದು. ಬೆವರಿದ ಅಂಗಿ ತೊಟ್ಟುಕೊಂಡು ಬಸ್ಸಿನಲ್ಲಿ ಬರುವವನಿಂದಲ್ಲ. ಏಳನೆಯ ಇಯತ್ತೆಯವರೆಗೆ ಓದಿದ್ದಳಂತೆ. ಬೆರಳಿಟ್ಟು, ಎಡದಿಂದ ಬಲಕ್ಕೆ, ಅಡ್ಡಡ್ಡವಾಗಿ, ಹೇಗೆ ಓದಬೇಕೋ ಹಾಗೆ ಓದಿದ್ದಳು. ಆ ಪಟ್ಟಿಯನ್ನು ಸರಿಯಾಗಿ ಓದಿ, ಹೇಳಿದ್ದನ್ನು ಅಕ್ಷರಶಃ ಮಾಡಿದವಳು ಅವಳೊಬ್ಬಳೇ.

ಲೀಲಮ್ಮ ಕೂಸನ್ನು ಎತ್ತಿಕೊಂಡು ಬಂದರು. "ಮೈ ತಣ್ಣಗಿದೆ. ಆದ್ರೆ ಹಾಲು ಎಳೀತಿಲ್ಲ. ಆಟೋ ಹಿಡೀರಿ" ಎಂದರು. ಅವರ ದನಿ ಎಂದಿನಂತಿರಲಿಲ್ಲ.

ದೊಡ್ಡ ಹುಡುಗಿಯನ್ನೂ ಹತ್ತಿಸಿಕೊಂಡು ಜಯನಗರದವರೆಗೆ ಹೋದ ಆ ದಾರಿಯನ್ನು ನಾನು ವರ್ಣಿಸಲಾರೆ. ಕೂಸಿನ ಎದೆ ಏಳುತ್ತಿದೆಯೇ ಎಂದು ನೋಡುತ್ತಾ ಕೂತಿದ್ದೆ, ಅಷ್ಟೇ ಗೊತ್ತು. ಒಂದು ಉಸಿರು, ಇನ್ನೊಂದು ಉಸಿರು. ಅಷ್ಟು ಗಮನವಿಟ್ಟು ನಾನು ಯಾವುದನ್ನೂ ಓದಿರಲಿಲ್ಲ.

ಡಾಕ್ಟರು ಬಹಳ ಹೊತ್ತು ನೋಡಿದರು. ಆಮೇಲೆ ಹೊರಗೆ ಬಂದು ಬೆಂಚಿನ ಮೇಲೆ ನನ್ನ ಪಕ್ಕ ಕೂತರು. "ಎರಡು ಸಲ ಹಾಕಿದ್ದರಿಂದ ವಿಷವೇನೂ ಆಗಿಲ್ಲ. ಆದ್ರೆ ಇಷ್ಟು ಚಿಕ್ಕ ಕೂಸಿಗೆ ಜ್ವರ ಅಂದ್ರೆ ಒಳಗೇನೋ ಇದೆ ಅಂತ. ಔಷಧಿ ಅದನ್ನ ಮುಚ್ಚಿಬಿಟ್ಟಿತ್ತು. ಇನ್ನೆರಡು ದಿನ ಹೀಗೇ ತಣ್ಣಗಿದೆ ಅಂತ ಆಯಮ್ಮ ಸುಮ್ನಿದ್ದಿದ್ರೆ…" ಎಂದು ನಿಲ್ಲಿಸಿದರು. ಆ ವಾಕ್ಯವನ್ನು ಅವರು ಮುಗಿಸಲಿಲ್ಲ. ಈ ಇಪ್ಪತ್ತೈದು ವರ್ಷದಲ್ಲಿ ನಾನು ಅದನ್ನು ಎಷ್ಟೋ ಬಗೆಯಲ್ಲಿ ಮುಗಿಸಿದ್ದೇನೆ.

ಕೂಸನ್ನು ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಆರನೆಯ ದಿನ ಅದು ಬಾಯಿ ತುಂಬ ಅತ್ತಿತು. ವಾರ್ಡಿನವರೆಲ್ಲ ಕಿವಿ ಮುಚ್ಚಿಕೊಂಡರು. ನಾನು ಕಾರಿಡಾರಿನಲ್ಲಿ ನಿಂತು ಕೇಳಿದೆ.

"ಸ್ಕ್ರೀನಲ್ಲಿ ನೋಡಿ ಮೋಸ ಹೋದೆ" ಎಂದು ನಂಜುಂಡಯ್ಯನವರ ಮುಂದೆ ಹೇಳಿಕೊಂಡೆ. ಅವರು ಸಮಾಧಾನ ಮಾಡುತ್ತಾರೆಂದುಕೊಂಡಿದ್ದೆ. "ಸ್ಕ್ರೀನು ಪಾಪ ಏನ್ಮಾಡ್ತು ಸ್ವಾಮಿ? ಹಾಳೇಲಿ ಕೊಟ್ಟಿದ್ರೂ ನೀವು ಎರಡು ಕಂಬಾನೂ ಉದ್ದುದ್ದಕ್ಕೇ ಓದ್ತಿದ್ರಿ. ಆಯಮ್ಮ ಮಗು ಕಂಕುಳಲ್ಲಿಟ್ಕೊಂಡು ಓದಿದ್ಲು. ನೀವು ಏನಿಟ್ಕೊಂಡು ಓದಿದ್ರಿ?" ಎಂದರು.

ಆದರೂ ಇಷ್ಟು ವರ್ಷ ನಾನು ಸ್ಕ್ರೀನನ್ನೇ ಬೈದುಕೊಂಡು ಬಂದೆ. ಹಾಳೆಯಲ್ಲಿ ನೋಡಿ, ಹಾಳೆಯಲ್ಲೇ ನೋಡಿ ಎಂದು ಕಂಡಕಂಡವರಿಗೆ ಬೋಧಿಸಿದೆ. ಬಡಪಾಯಿ ಮಾನಿಟರು ತಿರುಗಿ ಮಾತಾಡುವುದಿಲ್ಲವಲ್ಲ. ಹಾಳೆಯ ಬಗ್ಗೆ ನನಗಿರುವುದು ಪ್ರೀತಿಯಲ್ಲ, ಭಯ ಎಂದು ಮೊನ್ನೆ ಆ ಬಿಸಿ ಹಾಳೆಗಳನ್ನು ಹಿಡಿದಾಗ ಹೊಳೆಯಿತು. ಸ್ಕ್ರೀನಿನ ಮೇಲಿರುವವರೆಗೆ ತಪ್ಪು ನನ್ನೊಬ್ಬನದು. ಹಾಳೆಗೆ ಇಳಿಯಿತೋ, ಯಾರೋ ಅದನ್ನು ಮೊಳೆ ಹೊಡೆದು ಗೋಡೆಗೆ ಸಿಕ್ಕಿಸಿಕೊಳ್ಳುತ್ತಾರೆ.

ಆ ಎರಡು ಪುಟ ಏನೆಂದು ಹೇಳಲೇ ಇಲ್ಲ. ಡೆಂಗೆ ಜ್ವರದ ಮೇಲೆ ಅದೇ ಆಸ್ಪತ್ರೆಗೆ ಬರೆದ ಹೊಸ ಕರಪತ್ರ. ಮನೆಯಲ್ಲಿ ಕೂತು ಮೂರು ಸಲ ಓದಿದೆ. ಹೆಂಡತಿಯಿಂದ ಜೋರಾಗಿ ಒಮ್ಮೆ ಓದಿಸಿದೆ. ಆಮೇಲೆ ಅದನ್ನು ಹಿಡಿದು ಆಸ್ಪತ್ರೆಯ ಬೆಂಚಿನಲ್ಲಿ, ಸರದಿಗೆ ಕಾಯುತ್ತಿದ್ದ ಒಬ್ಬ ತಾಯಿಯ ಪಕ್ಕ ಕೂತೆ. "ಅಮ್ಮಾ, ಇದನ್ನ ಸ್ವಲ್ಪ ಓದಿ, ನಿಮ್ಮ ಮಗೂಗೆ ಏನು ಮಾಡ್ತೀರಿ ಅಂತ ಹೇಳ್ತೀರಾ?"

ಅವಳು ಬೆರಳಿಟ್ಟು ಓದತೊಡಗಿದಳು. ನಾನು ಹಾಳೆಯ ಕಡೆ ನೋಡದೆ ಅವಳ ಮುಖವನ್ನೇ ನೋಡುತ್ತಿದ್ದೆ. ಎರಡನೆಯ ಪುಟದಲ್ಲೊಂದು ಕಡೆ ಬೆರಳು ನಿಂತಿತು.

"ಇದು ಸರಿ ಇದೆ ತಾನೇ ಸಾರ್?"

"ನನಗೆ ಗೊತ್ತಿಲ್ಲಮ್ಮ. ಒಳಗೆ ಹೋದಾಗ ಡಾಕ್ಟರನ್ನ ಒಂದು ಮಾತು ಕೇಳಿ."

"ಪ್ರಿಂಟ್ ಆಗಿದೆಯಲ್ಲ ಸಾರ್?" ಎಂದಳು ಅವಳು, ಆಶ್ಚರ್ಯದಿಂದ.

"ಅದಕ್ಕೇಮ್ಮ ಕೇಳಿ ಅಂದಿದ್ದು."