ಬೆನ್ನು ಟೀಚರ್

ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತೊಂದು ವರ್ಷ ಹೊಲಿಗೆ ಕಲಿಸಿದ ಆಕೆಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದು ಹಾಜರಿ ಪುಸ್ತಕದಲ್ಲಿಯೇ ಉಳಿಯಿತು. ನಾಲಗೆಯ ಮೇಲೆ ನಿಂತದ್ದು ಮಕ್ಕಳು ಇಟ್ಟ ಹೆಸರು, ಬೆನ್ನು ಟೀಚರ್. ಹುಡುಗಿಯೊಬ್ಬಳು ಹೂವನ್ನು ಹೊಲಿದು ಮುಗಿಸಿ, ಮೆಚ್ಚುಗೆಯ ಮಾತಿಗಾಗಿ ಹಲ್ಲುಕಿರಿಯುತ್ತ ಮೇಜಿನ ಬಳಿ ಬಂದು ನಿಂತರೆ, ಆಕೆ ಹೂವಿನತ್ತ ಕಣ್ಣು ಕೂಡ ಹಾಯಿಸದೆ ಬಟ್ಟೆಯನ್ನು ಮಗುಚಿಹಾಕುತ್ತಿದ್ದಳು.

"ಮುಖ ನೋಡೋಕೆ ನೆಂಟರಿದ್ದಾರೆ. ನನಗೆ ಬೆನ್ನು ತೋರ್ಸು."

ಬೆನ್ನಿನಲ್ಲಿ ಒಂದು ಗಂಟು ಕಂಡರೂ ಸಾಕು, ಕತ್ತರಿ ಕಚಕ್ಕೆಂದಿತೆಂದೇ ತಿಳಿಯಬೇಕು. ದಾರದ ತುದಿಗೆ ಗಂಟು ಹಾಕಕೂಡದು, ಮೂರು ಹೊಲಿಗೆಗಳ ಅಡಿಯಲ್ಲಿ ಅದನ್ನು ನುಸುಳಿಸಿ ಮರೆಮಾಡಬೇಕು. ಇದು ಆಕೆಯ ಶಾಸನ. ಕಣ್ಣೊರೆಸಿಕೊಳ್ಳುತ್ತ ಬೆಂಚಿಗೆ ಮರಳಿದ ಹುಡುಗಿಯರಿಗೆ ಲೆಕ್ಕವಿಲ್ಲ. ಅವರಲ್ಲಿ ಕೆಲವರು ಮುಂದೆ ದರ್ಜಿಗಳಾಗಿ, ಬೀದಿಯಲ್ಲಿ ಸಿಕ್ಕಾಗ ತಮ್ಮ ತೋಳಿನ ಅಂಚನ್ನು ತಾವೇ ಮಗುಚಿ ತೋರಿಸಿ ನಗುತ್ತಿದ್ದುದೂ ಉಂಟು. ಆಗ ಆಕೆಯ ಮುಖ ಅರಳುತ್ತಿತ್ತು.

ಈ ಕಟ್ಟುನಿಟ್ಟು ತಾಯಿಯಿಂದ ಬಂದದ್ದು. ತಾಯಿ ಎಡಗೈಯವಳು. ಆ ಎಡಗೈಯಲ್ಲಿ ಸೂಜಿ ನೀರಿನೊಳಗಿನ ಮೀನಿನಂತೆ ಸುಳಿಯುತ್ತಿತ್ತು. ಆ ಮನೆಯಲ್ಲಿ ಹತ್ತಿಯ ಬಿಳಿಯ ಹೊದಿಕೆಯೊಂದಿತ್ತು. ಮನೆಯ ಹೆಣ್ಣುಮಕ್ಕಳು ಒಬ್ಬೊಬ್ಬರೂ ಅದರ ಮೇಲೆ ಒಂದೊಂದು ಪಟ್ಟಿಯಷ್ಟು ಬಳ್ಳಿ ಹೊಲಿಯಬೇಕೆಂಬುದು ನಡೆದುಬಂದ ರೀತಿ. ಅಜ್ಜಿಯದು ಮೊದಲ ಪಟ್ಟಿ, ತಾಯಿಯದು ಎರಡನೆಯದು. ಟೀಚರಮ್ಮ ಹತ್ತೊಂಬತ್ತರ ವಯಸ್ಸಿನಲ್ಲಿ ಮೂರನೆಯದನ್ನು ಹೊಲಿದಳು. ಕಿಟಕಿಯ ಕೆಳಗಿನ ಬೆಂಚಿನ ಮೇಲೆ ತಾಯಿಯೂ ಮಗಳೂ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕುಳಿತು, ಬೀದಿಯಲ್ಲಿ ಹೋಗುವವರ ನಡಿಗೆಯನ್ನು ಅಣಕಿಸಿ ನಗುತ್ತ ಕಳೆದ ಆ ಒಂದು ವರ್ಷದಂಥ ಸುಖವನ್ನು ಆಕೆ ಮುಂದೆಂದೂ ಕಾಣಲಿಲ್ಲ. ಪಟ್ಟಿ ಮುಗಿದ ದಿನ ತಾಯಿ ಅದರ ಮೇಲೆ ಕೈಯಾಡಿಸಿ, "ನನ್ನ ಕೈ ನಿನಗೆ ಬಂತು ಕಣೇ" ಎಂದಿದ್ದಳು. ಆ ಒಂದು ಮಾತಿನ ಬಲದಿಂದಲೇ ಆಕೆ ಟೀಚರಾದಳೆಂದರೆ ತಪ್ಪಲ್ಲ. ಮದುವೆಯಾಗಿ ಹೊರಟಾಗ ಹೊದಿಕೆ ಆಕೆಯ ಜೊತೆಗೆ ಬಂತು. ಹೊರಡುವ ಮುನ್ನ ತಾಯಿ, ಬಾಳಿಕೆ ಬರಲೆಂದು ಹೇಳಿ, ಅದರ ಹಿಂಬದಿಗೆ, ಮುಗಿದ ಮೂರು ಪಟ್ಟಿಗಳಷ್ಟಕ್ಕೆ, ಲೈನಿಂಗ್ ಬಟ್ಟೆ ಕೊಟ್ಟು ಹೊಲಿದಿದ್ದಳು.

ನಾಲ್ಕನೆಯ ಪಟ್ಟಿ ಮಗಳದಾಗಬೇಕಿತ್ತು. ಮಗಳಿಗೆ ಹೊಲಿಗೆಯೆಂದರೆ ಪ್ರಾಣ. ಕುರ್ಚಿಯ ಕಾಲಿಗೂ ಕ್ರೋಶಾದ ಕಾಲುಚೀಲ ಹೆಣೆದು ತೊಡಿಸಿದ ಹುಡುಗಿ ಅದು. ಆದರೆ ಅವಳ ಎಳೆ ಸಡಿಲ. ಎಲೆಯೊಂದು ದಪ್ಪ, ಇನ್ನೊಂದು ಸಣಕಲು. ಹದಿನೈದರ ಹರೆಯದಲ್ಲಿ, ಅರ್ಧ ಪಟ್ಟಿ ಹೊಲಿದಿದ್ದವಳು, ಒಂದು ಬೆಳಿಗ್ಗೆ ಬಟ್ಟೆ ಬಿಡಿಸಿ ನೋಡಿದರೆ ಎಲೆಗಳೆಲ್ಲ ಅಚ್ಚಿನಲ್ಲಿ ತೆಗೆದಂತೆ ಒಂದೇ ಸಮ ನಿಂತಿದ್ದವು.

"ಇದು ನಾನು ಹೊಲಿದಿದ್ದಲ್ಲ."

"ನೀನೇ ಹೊಲಿದಿದ್ದು. ನಾನು ಬಿಚ್ಚಿ ಸ್ವಲ್ಪ ಸರಿ ಮಾಡ್ದೆ, ಅಷ್ಟೇ."

"ಹಾಗಾದ್ರೆ ನನ್ನ ಪರೀಕ್ಷೆನೂ ನೀನೇ ಬರಿ. ನಾಳೆ ಮದುವೆನೂ ನೀನೇ ಆಗು!"

ಮಗಳು ಸೂಜಿಯನ್ನು ಇಟ್ಟವಳು ಹದಿನೆಂಟು ವರ್ಷ ಮತ್ತೆ ಮುಟ್ಟಲಿಲ್ಲ. ಓದಿದಳು, ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಯಲ್ಲಿ ಕೆಲಸ ಹಿಡಿದಳು, ಮದುವೆಯಾದಳು, ಹಡೆದಳು. ಬಂದುಹೋಗುವುದು ತಪ್ಪಲಿಲ್ಲ, ಆದರೆ ಗುಂಡಿ ಕಿತ್ತುಹೋದರೆ ದರ್ಜಿಯ ಅಂಗಡಿಗೆ ಕೊಡುತ್ತಿದ್ದಳು. ಟೀಚರಮ್ಮನಿಗೆ ಇದಕ್ಕಿಂತ ಹೆಚ್ಚಿನ ಬೈಗುಳ ಬೇಕಿರಲಿಲ್ಲ. ಕೆಲಸದಿಂದ ನಿವೃತ್ತಳಾದ ಮೇಲೆ ಆಕೆಗೆ ಉಳಿದದ್ದು ಒಂದೇ ಆಸೆ: ಮಗಳು ಆ ಅರ್ಧ ಪಟ್ಟಿಯನ್ನು ಮುಗಿಸಬೇಕು, ಮತ್ತೆ ತನ್ನ ಮೊಣಕೈಗೆ ತಾಗಿ ಕುಳಿತು. ಬೆಳಗಿನ ಪ್ರಾರ್ಥನೆಯಲ್ಲಿ ಬೇರೇನನ್ನೂ ಆಕೆ ಕೇಳುತ್ತಿರಲಿಲ್ಲ.

ದೇವರು ಕಿವಿಗೊಟ್ಟನೆಂದೇ ತೋರಿತು. ಏಳು ವರ್ಷದ ಮೊಮ್ಮಗಳು ಎಲ್ಲೋ ಯಾರೋ ಹೊಲಿಯುವುದನ್ನು ಕಂಡು, ತನಗೂ ಸೂಜಿ ಬೇಕೆಂದು ಮನೆಯನ್ನು ತಲೆಯ ಮೇಲೆ ಹೊತ್ತುಕೊಂಡಳು. ಮಗಳು ಫೋನು ಮಾಡಿದಳು.

"ಭಾನುವಾರ ಪುಟ್ಟಿನ ಕರ್ಕೊಂಡು ಬರ್ತೀನಮ್ಮ. ನನ್ನ ಪಟ್ಟಿನೂ ತೆಗೆದಿಡು, ನೋಡೋಣ. ಆದ್ರೆ ಒಂದು ಮಾತು. ನಾವು ಆಚೆ ಹೋದ್ಮೇಲೆ ನೀನು ಕತ್ತರಿ ಮುಟ್ಟಬಾರ್ದು."

"ಆಯ್ತಮ್ಮ, ಆಯ್ತು. ನನ್ನ ಕೈ ಕಟ್ಟಿಹಾಕಿ ಹೋಗು ಬೇಕಾದ್ರೆ."

ಭಾನುವಾರ ಹೊದಿಕೆ ಹೊರಬಂತು. ಹಳೆಯ ಲೈನಿಂಗಿನಿಂದ ಮುಗ್ಗಲು ವಾಸನೆ ಹೊಡೆಯುತ್ತಿದ್ದುದರಿಂದ ಅದನ್ನು ಬಿಡಿಸಿ ಒಗೆಯುವುದೆಂದಾಯಿತು. ನಲವತ್ತೆರಡು ವರ್ಷಗಳ ಮೇಲೆ ಆ ಮೂರು ಪಟ್ಟಿಗಳ ಬೆನ್ನು ಬೆಳಕು ಕಂಡಿತು. ರಕ್ತದ ಹನಿಯಲ್ಲಿ ಕಣಗಳನ್ನು ಎಣಿಸಿ ಪಳಗಿದ ಮಗಳ ಕಣ್ಣು ಮೂರನೆಯ ಪಟ್ಟಿಯ ಮೇಲೆ ನಿಂತುಬಿಟ್ಟಿತು.

"ಅಮ್ಮಾ, ನೀನು ದಾರದ ತುದಿನ ಯಾವ ಕಡೆ ನುಸುಳಿಸ್ತೀಯ?"

"ಎಡಕ್ಕೆ. ಬಲಗೈಯವರೆಲ್ಲ ಎಡಕ್ಕೇ. ನಿಮ್ಮಜ್ಜಿ ಒಬ್ಬಳದೇ ಬಲಕ್ಕೆ."

"ಹಾಗಾದ್ರೆ ಇದು?"

ಮೂರನೆಯ ಪಟ್ಟಿಯ ತುದಿಗಳೆಲ್ಲವೂ ಬಲಕ್ಕೆ ಹೊರಳಿದ್ದವು. ಗಡಿಯಾರ ರಿಪೇರಿಯ ಕೆಲಸದಿಂದ ಕಣ್ಣು ಸೋತು ಮನೆಯಲ್ಲಿದ್ದ ಯಜಮಾನರು ತಮ್ಮ ಭೂತಗನ್ನಡಿಯನ್ನು ತಂದುಕೊಟ್ಟರು. ಅದರಲ್ಲಿ ನೋಡಿದರೆ ಒಂದೊಂದು ಹೊಲಿಗೆಯ ಪಕ್ಕದಲ್ಲಿಯೂ ಸೂಜಿ ಹಿಂದೊಮ್ಮೆ ಹಾದುಹೋದ ಬರಿದಾದ ತೂತು. ಹತ್ತೊಂಬತ್ತರ ಹುಡುಗಿ ಹಗಲೆಲ್ಲ ಹೊಲಿದದ್ದನ್ನು, ಅವಳು ಮಲಗಿದ ಮೇಲೆ ಎಡಗೈಯೊಂದು ಬಿಚ್ಚಿ ಮರುಹೊಲಿದಿತ್ತು. ಮೊದಲ ಎಲೆಯಿಂದ ಕೊನೆಯ ಕುಡಿಯವರೆಗೆ, ಒಂದನ್ನೂ ಬಿಡದೆ. ಲೈನಿಂಗು ಏತಕ್ಕೆ ಬಂತೆಂಬುದು ಯಾರೂ ಹೇಳದೆಯೇ ತಿಳಿಯಿತು.

ಮಗಳು ಗೊಳ್ಳೆಂದು ನಕ್ಕಳು. ಅದು ಕುಹಕದ ನಗೆಯಲ್ಲ; ಹದಿನೆಂಟು ವರ್ಷ ಎದೆಯಲ್ಲಿ ಹೊತ್ತ ಕಲ್ಲನ್ನು ಇಳಿಸಿದವಳ ನಗೆ. "ಅಯ್ಯೋ, ನಿನಗೂ ಮಾಡಿದ್ಲಾ ಅಜ್ಜಿ! ನಾವಿಬ್ರೂ ಒಂದೇ ಕ್ಲಾಸಲ್ಲಿ ಫೇಲು ಕಣಮ್ಮ!" ಎಂದು ಬೆಂಚಿನ ಮೇಲೆ ಸರಿದು ಬಂದು, ತಾಯಿಯ ಭುಜಕ್ಕೆ ತಲೆಯೊರಗಿಸಿದಳು.

ಬೇಡಿದ ವರ ಮೊಣಕೈಗೆ ತಾಗಿ ಕುಳಿತಿತ್ತು. ಟೀಚರಮ್ಮನಿಗೆ ಅದು ತಿಳಿಯಲೇ ಇಲ್ಲ. ಆಕೆಯ ಕಿವಿಯಲ್ಲಿ ಮೊರೆಯುತ್ತಿದ್ದುದು ಒಂದೇ ಮಾತು: ನನ್ನ ಕೈ ನಿನಗೆ ಬಂತು ಕಣೇ.

"ಬಿಡಮ್ಮ, ಹಾಗೇ ಇರ್ಲಿ. ಅಜ್ಜಿ ನೆನಪು. ಮುಂದಿನ ವಾರ ನಾನು ನಂದು ಶುರು ಮಾಡ್ತೀನಿ" ಎಂದು ಮಗಳು ಹೊರಟಳು.

ಆ ವಾರವೆಲ್ಲ ಆಕೆಗೆ ಊಟ ಸೇರಲಿಲ್ಲ. ಮೂವತ್ತೊಂದು ವರ್ಷ ಸಾವಿರಾರು ಹುಡುಗಿಯರ ಬಟ್ಟೆಯನ್ನು ಮಗುಚಿದವಳು ತನ್ನದನ್ನು ಒಮ್ಮೆಯೂ ಮಗುಚಲಿಲ್ಲವಲ್ಲ! ಬುಧವಾರ ಮಧ್ಯಾಹ್ನ ಕತ್ತರಿ ಕೈಗೆ ಬಂತು. ಮಗಳಿಗೆ ಕೊಟ್ಟ ಮಾತು ಮಗಳ ಪಟ್ಟಿಗೆ ಮಾತ್ರ ಸಲ್ಲುವುದೆಂದು ಆಕೆ ತನಗೆ ತಾನೇ ವ್ಯಾಖ್ಯಾನ ಮಾಡಿಕೊಂಡಳು.

"ಏನೇ ಮಾಡ್ತಿದೀಯ?" ಎಂದರು ಯಜಮಾನರು.

"ನನ್ನ ಪಟ್ಟಿ ನಾನು ಹೊಲೀತೀನಿ."

"ನಿಮ್ಮಮ್ಮ ಹೋಗಿ ಇಪ್ಪತ್ತು ವರ್ಷ ಆಯ್ತು. ಈಗ ಯಾರ ಜೊತೆ ಜಗಳ?"

"ಗಡಿಯಾರದ ವಿಷಯ ಇದ್ರೆ ನೀವು ಮಾತಾಡಿ."

ಎರಡು ದಿನಗಳಲ್ಲಿ ಮೂರನೆಯ ಪಟ್ಟಿಯಲ್ಲಿ ತಾಯಿಯ ಕೈಯ ಎಳೆಯೊಂದೂ ಉಳಿಯದಂತೆ ಬಿಚ್ಚಿದಳು. ಶುಕ್ರವಾರ ಹೊಸ ದಾರ ಪೋಣಿಸಿ ಮೊದಲ ಎಲೆಯನ್ನು ಎತ್ತಿಕೊಂಡಳು. ನಾಲ್ಕನೆಯ ಹೊಲಿಗೆಗೆ ದಾರವನ್ನು ಬಿಗಿದೆಳೆದಾಗ ಬಟ್ಟೆ ಕಿಸಕ್ಕೆಂದಿತು. ಎರಡು ಬಾರಿ ಚುಚ್ಚಿಸಿಕೊಂಡು ಹಣ್ಣಾದ ಬಟ್ಟೆ ಮೂರನೆಯ ಸೂಜಿಯನ್ನು ತಾಳಲಾರದೆ, ನೆನೆದ ಕಾಗದದಂತೆ ತೂತಿನಿಂದ ತೂತಿಗೆ ಬಿಟ್ಟುಕೊಳ್ಳುತ್ತ ಹೋಯಿತು. ಗಾಬರಿಯಾಗಿ ತಡೆಯಲು ಹೋಗಿ ಇನ್ನಷ್ಟು ಎಳೆದಳು. ಹರಕು ಕೆಳಗಿನ ಪಟ್ಟಿಗೆ, ಮಗಳ ಎಲೆಗಳಿಗೆ ಇಳಿಯಿತು. ಅಲ್ಲಿಯೂ ಎರಡು ಬಾರಿ ಚುಚ್ಚಿದ ಬಟ್ಟೆಯೇ ಇತ್ತಲ್ಲ. ಮೊಳದುದ್ದದ ಬಾಯಿ ತೆರೆದು ಹೊದಿಕೆ ತೊಡೆಯ ಮೇಲೆ ಬಿದ್ದುಕೊಂಡಿತು.

ಭಾನುವಾರ ಮಗಳು ಬಂದಳು. ನೋಡಿದಳು.

"ಕತ್ತರಿ ಮುಟ್ಟಬೇಡ ಅಂದಿದ್ದೆ."

"ನಿಂದು ಮುಟ್ಟಲಿಲ್ಲ. ನಂದನ್ನ ಮುಟ್ಟಿದ್ದು."

"ಅದು ನಿಂದಲ್ಲಮ್ಮ, ಅಜ್ಜೀದು. ನಂದನ್ನ ಬಿಚ್ಚಿದೆ, ಅವಳದನ್ನೂ ಬಿಚ್ಚಿದೆ. ಹೋದೋರನ್ನೂ ಬಿಡೋದಿಲ್ಲ ನೀನು."

"ನನಗೆ ಆದ ನೋವು ನಿನಗೆ ಗೊತ್ತಾಗಲ್ಲ."

"ನನಗಲ್ದೆ ಇನ್ಯಾರಿಗೆ ಗೊತ್ತಾಗತ್ತೆ?" ಎಂದಳು ಮಗಳು. ಧ್ವನಿ ಏರಲಿಲ್ಲ, ಏರಿದ್ದರೆ ಟೀಚರಮ್ಮನಿಗೆ ಅಳಲಿಕ್ಕಾದರೂ ಆಗುತ್ತಿತ್ತು. "ಹೋದ ವಾರ ನಿನ್ನ ಪಕ್ಕ ಬಂದು ಕೂತೆ. ನಗ್ತೀಯ ಅಂದ್ಕೊಂಡೆ."

"ನಾನೆಲ್ಲಿ ಹೊಲೀಲಿ?" ಎಂದು ಮಗು ಕೇಳಿತು.

ಮಗಳು ಹೊರಟುಹೋಗಲಿಲ್ಲ. ಬೀದಿಯ ಕೊನೆಯ ಅಂಗಡಿಯಿಂದ ಹೊಸ ಬಟ್ಟೆಯ ತುಂಡೊಂದನ್ನು ಕೊಂಡುತಂದು, ನಡುಮನೆಯ ನೆಲದ ಮೇಲೆ ಮಗುವನ್ನು ಮುಂದೆ ಕೂರಿಸಿಕೊಂಡಳು. "ನೀನು ಅಲ್ಲೇ ಕೂತು ನೋಡು, ಕಲಿಸೋದು ಬೇಡ" ಎಂದು ತಾಯಿಗೆ ಕುರ್ಚಿಯನ್ನು ತೋರಿಸಿದಳು. ಟೀಚರಮ್ಮ ಕುಳಿತಳು.

ದಾರ ಉದ್ದವಾಯಿತೆಂದು ಆಕೆಗೆ ತಿಳಿಯಿತು, ಸಿಕ್ಕಾಗುವುದೆಂದೂ ತಿಳಿಯಿತು, ಸಿಕ್ಕಾಯಿತು. ಬಾಯಿ ತೆರೆದಳು. ಮಗಳು ತಲೆಯೆತ್ತಿ ನೋಡಿದಳು. ಆಕೆ ಬಾಯಿ ಮುಚ್ಚಿಕೊಂಡಳು. ಮಗಳೂ ಮಗುವೂ ಸಿಕ್ಕನ್ನು ಎಳೆದಾಡಿ, ಮತ್ತಷ್ಟು ಗೋಜಲು ಮಾಡಿ, ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

ಸಂಜೆಯಾಗುವ ಹೊತ್ತಿಗೆ ಎಲೆಯೋ ಹಕ್ಕಿಯೋ ಹೇಳಲಾಗದ ಒಂದು ಆಕಾರ ಮೂಡಿತ್ತು. ಮಗು ಅದನ್ನು ಅಜ್ಜನಿಗೆ ತೋರಿಸಿತು; ಅವರು ಭೂತಗನ್ನಡಿ ಹಿಡಿದು "ಭೇಷ್" ಎಂದರು. ಟೀಚರಮ್ಮ ತನ್ನ ಸರದಿಗಾಗಿ ಕೈ ನೀಡಿದಳು.

ಮಗು ಅಮ್ಮನ ಮುಖ ನೋಡಿತು. ಅಮ್ಮ ಉಳಿದ ದಾರವನ್ನು ಸುತ್ತುತ್ತಿದ್ದಳು. ಆಮೇಲೆ ಮಗು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, "ಇನ್ನೂ ಮುಗಿದಿಲ್ಲ ಅಜ್ಜಿ" ಎಂದು ಮೆಲ್ಲಗೆ ಹೇಳಿ, ತನ್ನ ಚೀಲದೊಳಕ್ಕೆ ಇಟ್ಟುಕೊಂಡಿತು.