ಅಂಟಕ್ಕ ಒರೆಸಿದ ಹತ್ತಿ

ಹರಿದ ಫಿಲ್ಮು ಜೋಡಿಸಿ ಜೋಡಿಸಿ ಬೆರಳಿಗೆಲ್ಲ ಅಂಟು ಮೆತ್ತಿಕೊಂಡಿರುತ್ತಿದ್ದುದರಿಂದ ಆಫೀಸಿನವರು ಅವಳನ್ನು ಅಂಟಕ್ಕ ಎಂದೇ ಕರೆಯುತ್ತಿದ್ದರು. ಹಳೆಯ ಸಿನಿಮಾ ಕಾಪಾಡುವ ಸರ್ಕಾರಿ ಕಟ್ಟಡ ಅದು. ಕಾಪಾಡುತ್ತಿದ್ದ ಚೆಂದವೋ! ರೀಲುಗಳ ಕೋಣೆಯ ಎಸಿ ಕೆಟ್ಟು ಕೂತಿತ್ತು, ಸಾಹೇಬರ ಕೋಣೆಯದು ಮಾತ್ರ ಗುಂಯ್‌ಗುಟ್ಟುತ್ತಿತ್ತು. ಡಬ್ಬಿ ತೆಗೆದರೆ ಹುಳಿ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯುತ್ತಿತ್ತು. ಆ ವಾಸನೆ ಹಿಡಿದ ರೀಲು ಸುಕ್ಕುಗಟ್ಟಿ ಸಾಯುತ್ತದೆ, ಪಕ್ಕದ ರೀಲಿಗೂ ರೋಗ ಹಚ್ಚುತ್ತದೆ. "ಸ್ಕ್ಯಾನ್ ಆಯ್ತಲ್ಲ, ಇನ್ನೂ ಯಾಕ್ರೀ ಈ ಹೆಣ ಇಟ್ಕೊಂಡಿದೀರಿ?" ಎಂದು ಸಾಹೇಬರು ಕೇಳಿದಾಗಲೆಲ್ಲ ಅಂಟಕ್ಕ ಜಗಳಕ್ಕೆ ನಿಲ್ಲುತ್ತಿದ್ದಳು. ಮೂಲ ರೀಲು ಬಿಸಾಡಕೂಡದು ಎನ್ನುವುದು ಅವಳ ಹಟ.

ಅವಳ ಅಮ್ಮ ಒಂದು ಕಾಲದಲ್ಲಿ ಸಿನಿಮಾಗಳಲ್ಲಿ ಗುಂಪಿನ ನಡುವೆ ನಿಲ್ಲುವ ಕೆಲಸ ಮಾಡುತ್ತಿದ್ದವಳು. ಮದುವೆ, ಮೆರವಣಿಗೆ, ಹೆಣದ ಹಿಂದೆ ಅಳುವವರು, ಎಲ್ಲದರಲ್ಲೂ ಇದ್ದಳು, ಯಾವುದರಲ್ಲೂ ಕಾಣಿಸುತ್ತಿರಲಿಲ್ಲ. ಒಂದೇ ಒಂದು ಚಿತ್ರದಲ್ಲಿ ಅವಳದೇ ಅನ್ನುವ ದೃಶ್ಯ ಸಿಕ್ಕಿತ್ತು. ಗಂಡ ಬಿಟ್ಟುಹೋದ ಸುದ್ದಿ ಕೇಳಿದ ಹೆಂಗಸು ತುಟಿ ಬಿಚ್ಚದೆ ಹಾಸಿಗೆಯ ಹತ್ತಿಯನ್ನು ಕೋಲಿನಿಂದ ಬಡಿಯುತ್ತಾಳೆ. ಬಡಿದಂತೆಲ್ಲ ಹತ್ತಿ ಹಾರಿ ಹಾರಿ ಅವಳನ್ನೇ ಮುಚ್ಚಿಬಿಡುತ್ತದೆ. ನಿರ್ದೇಶಕನಿಗೆ ಎಷ್ಟು ಸಲ ತೆಗೆದರೂ ಸಮಾಧಾನವಿಲ್ಲ. ಸಂಜೆಯವರೆಗೆ ಬಡಿದು, ಹತ್ತಿ ನುಂಗಿ, ಅಮ್ಮ ವಾರಗಟ್ಟಲೆ ಕೆಮ್ಮಿದ್ದಳು. "ನನ್ನ ಮುಖ ಯಾರೇ ನೋಡ್ತಾರೆ? ಆ ಹತ್ತಿ ಹಾರೋದನ್ನ ನೋಡ್ಬೇಕಿತ್ತು ನೀನು," ಎನ್ನುತ್ತಿದ್ದಳು. ಆ ಚಿತ್ರ ಎಲ್ಲಾದರೂ ಸಿಕ್ಕೀತೆಂಬ ಆಸೆಯಿಂದಲೇ ಮಗಳು ಈ ಕೆಲಸಕ್ಕೆ ಸೇರಿದ್ದು.

ಸಿಕ್ಕಿತು. ಮುಚ್ಚಿಹೋದ ಟಾಕೀಸೊಂದರ ಗೋದಾಮಿನಿಂದ ಬಂದ ಡಬ್ಬಿಗಳಲ್ಲಿ, ಹುಳಿ ಹಿಡಿದು, ಗೀರು ಬಿದ್ದು, ಧೂಳು ಮೆತ್ತಿಕೊಂಡು. ಅಂಟಕ್ಕ ಎಳೆಗೂಸು ಮೀಯಿಸಿದಂತೆ ಅದನ್ನು ತೊಳೆದಳು, ಹರಿದಲ್ಲೆಲ್ಲ ಜೋಡಿಸಿದಳು, ಸ್ಕ್ಯಾನ್ ಮಾಡಿಸಿದಳು. ಆಮೇಲೆ ಕಂಪ್ಯೂಟರಿನವನ ಬೆನ್ನು ಬಿದ್ದಳು.

"ಒಂದು ಚುಕ್ಕಿ ಧೂಳು ಇರ್ಬಾರ್ದು ನೋಡಪ್ಪ. ಮಿಷನ್ನು ಎಷ್ಟು ಜೋರಾಗಿ ಒರೆಸುತ್ತೋ ಅಷ್ಟಕ್ಕೇ ಇಡು."

"ಅಷ್ಟೊಂದು ಬೇಡ ಅಕ್ಕ. ಒಂದು ಫ್ರೇಮಲ್ಲಿದ್ದು ಹಿಂದಿನದ್ರಲ್ಲೂ ಮುಂದಿನದ್ರಲ್ಲೂ ಇಲ್ಲದ್ದನ್ನೆಲ್ಲ ಅದು ಕಸ ಅನ್ಕೊಂಡು ಒರೆಸಿಬಿಡುತ್ತೆ."

"ನಮ್ಮಮ್ಮನ ಸಿನಿಮಾ ಇದು. ಹೇಳಿದಷ್ಟು ಮಾಡು."

ಮಾಡಿದ. ಅಂಟಕ್ಕ ತಾನೇ ಕೂತು, ಒಂದೊಂದು ಫ್ರೇಮನ್ನೂ ನಿಲ್ಲಿಸಿ, ಎಲ್ಲಾದರೂ ಕಲೆ ಉಳಿದಿದೆಯೇ ಎಂದು ಹುಡುಕಿದಳು. ಒಂದೂ ಇರಲಿಲ್ಲ. ಅಮ್ಮನ ಹರೆಯದ ಮುಖ ತಿಳಿಯಾಗಿ ಕಾಣುತ್ತಿತ್ತು. ಅದನ್ನೇ ನೋಡುತ್ತ ಕಣ್ಣು ತುಂಬಿಕೊಂಡವಳಿಗೆ, ಇದ್ದದ್ದು ಏನಾದರೂ ಹೋಗಿದೆಯೇ ಎಂದು ನೋಡಲು ತೋಚಲೇ ಇಲ್ಲ. ಚಿತ್ರವನ್ನು ಓಡಿಸಿಯೂ ನೋಡಲಿಲ್ಲ. ಮೊದಲ ಸಲ ಅಮ್ಮನ ಜೊತೆಗೇ ನೋಡಬೇಕೆಂದು ಆಸೆಯಿಂದ ಉಳಿಸಿಕೊಂಡಳು. ರೀಲನ್ನು ಸುಡಲು ಕಳಿಸುತ್ತೇವೆಂದು ಸಾಹೇಬರು ಅಂದಾಗ, ಕಂಡವರ ರೀಲಿಗೆಲ್ಲ ಕಿತ್ತಾಡುತ್ತಿದ್ದವಳು ಅಂದು ಖುಷಿಯ ಅಮಲಿನಲ್ಲಿ "ಆಯ್ತು ಸಾರ್" ಎಂದುಬಿಟ್ಟಳು. ಜಾಗ ಸಾಲದೆಂದು ಒರೆಸುವುದಕ್ಕೆ ಮುಂಚಿನ ಸ್ಕ್ಯಾನನ್ನೂ ಕಂಪ್ಯೂಟರಿನಿಂದ ಅಳಿಸಿದರು.

ಪ್ರದರ್ಶನದ ದಿನ, ಮುಂದಿನ ಪೀಳಿಗೆಗೆ ಉಳಿಸಿಕೊಟ್ಟೆವು ಎಂದು ಸಾಹೇಬರು ಭಾಷಣ ಬಿಗಿದರು. ಅಮ್ಮ ಹೊಸ ಬಟ್ಟೆ ತೊಟ್ಟು ಮಗಳ ಪಕ್ಕ ಕೂತಿದ್ದಳು. ದೃಶ್ಯ ಬಂತು. ಪರದೆಯ ಮೇಲಿನ ಹೆಂಗಸು ಕೋಲೆತ್ತಿ ಬಡಿದಳು. ನೆಲದ ಹತ್ತಿಗುಡ್ಡೆಯಿಂದ ಒಂದು ಎಳೆಯೂ ಏಳಲಿಲ್ಲ. ಮತ್ತೆ ಬಡಿದಳು. ಚೊಕ್ಕ ಬೆಳಕಿನಲ್ಲಿ, ತಲೆಕೆಟ್ಟವಳಂತೆ, ಸುಮ್ಮಸುಮ್ಮನೆ ಕೋಲು ಬೀಸುತ್ತಲೇ ಇದ್ದಳು. ಹಿಂದೆ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಸಾಲೇ ನಕ್ಕಿತು.

"ಹತ್ತಿ ಎಲ್ಲೇ?" ಎಂದಳು ಅಮ್ಮ.

ಹಾರುವ ಹತ್ತಿಯನ್ನೂ ಮಿಷನ್ನು ಧೂಳೆಂದುಕೊಂಡು ಒರೆಸಿಹಾಕಿದೆ ಎಂದು ಅಂಟಕ್ಕನಿಗೆ ಆಗ ಹೊಳೆಯಿತು. ನಾನೇ ಒರೆಸಿದೆ ಎನ್ನಬೇಕಿತ್ತು.

"ಹಾರ್ತಾ ಇದೆಯಲ್ಲಮ್ಮ. ನಿಂಗೆ ಕಣ್ಣು ಮಂಜಾಗಿದೆ."

"ಹೌದಾ? ಜನ ಯಾಕೆ ನಗ್ತಿದಾರೆ?"

"ಚೆನ್ನಾಗಿದೆ ಅಂತ."

ಅಮ್ಮ ಅಂಗೈಯಿಂದ ಕಣ್ಣುಜ್ಜಿಕೊಂಡು ನೋಡಿದಳು, ಮತ್ತೆ ಉಜ್ಜಿಕೊಂಡಳು. ಅಷ್ಟರಲ್ಲಿ ದೃಶ್ಯ ಮುಗಿದೇಹೋಯಿತು.

ಮರುದಿನ ಹೊರಗೆ ಹೊರಟ ಅಮ್ಮ ಮೆಟ್ಟಿಲ ತುದಿಯಲ್ಲಿ ನಿಂತುಬಿಟ್ಟಳು. ದಿನವೂ ಯಾರ ಹಂಗಿಲ್ಲದೆ ಸರಸರ ಇಳಿಯುತ್ತಿದ್ದವಳು.

"ಕೈ ಹಿಡ್ಕೊಳ್ಳೇ," ಎಂದಳು. "ಇನ್ಮೇಲೆ ನನ್ನ ಕಣ್ಣು ನಂಬೋ ಹಾಗಿಲ್ಲ."

ಅಂಟಕ್ಕ ಹಿಡಿದುಕೊಂಡಳು.