ಗಾನ್‌ನಿಂದ ಮಾಲೆಗೆ

ಉಪ್ಪಳದ ಬಳಿಯ ಬಂದ್ಯೋಡಿನ ಪೆಟ್ರೋನಿಲ್ಲಾ ನರ್ಸ್ ಕೆಲಸಕ್ಕೆಂದು ಮಾಲ್ದೀವ್ಸ್‌ಗೆ ಹೋದದ್ದು ಮದುವೆಯಾದ ಮರುವರ್ಷ. ರಾಜಧಾನಿ ಮಾಲೆಯ ಆಸ್ಪತ್ರೆಯೊಂದರಲ್ಲಿ ಕೆಲಸ. ಅವಳ ಹಿಂದೆಯೇ ಗಂಡ ಲೆಸ್ಲಿಯೂ ಅದೇ ದೇಶದಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಹಿಡಿದ. ಆದರೆ ಅವನಿಗೆ ಸಿಕ್ಕಿದ್ದು ದಕ್ಷಿಣದ ತುದಿಯ ಗಾನ್ ದ್ವೀಪದ ರೆಸಾರ್ಟು.

"ಇಬ್ಬರೂ ಒಂದೇ ಕಡೆ ಇದ್ದೀರಲ್ಲ, ಎಂತ ಚಿಂತೆ ನಿಮಗೆ!" ಎಂದು ಊರಿನವರು ಫೋನಿನಲ್ಲಿ ಹೇಳುತ್ತಿದ್ದರು. ನಡುವೆ ಐನೂರು ಚಿಲ್ಲರೆ ಕಿಲೋಮೀಟರ್ ಸಮುದ್ರ ಇದೆಯೆಂದು ವಿವರಿಸಲು ಅವಳು ಹೋಗುತ್ತಿರಲಿಲ್ಲ. ವಿಮಾನದಲ್ಲಾದರೆ ಒಂದು ಗಂಟೆಯ ಮೇಲೆ ತುಸು ಹೊತ್ತು, ಉಪ್ಪಳದಲ್ಲಿ ಬಸ್ಸು ಹತ್ತಿ ಮಂಗಳೂರಿನಲ್ಲಿ ಇಳಿದ ಹಾಗೆ. ಆದರೆ ಅವನಿಗೆ ರಜೆ ಸಿಕ್ಕಾಗ ಅವಳಿಗೆ ಡ್ಯೂಟಿ. ಕ್ರಿಸ್ಮಸ್ಸಿಗೆ ರೆಸಾರ್ಟು ತುಂಬಿರುವುದರಿಂದ ಆಗ ಕೇಳುವುದೇ ಬೇಡ. ವರ್ಷಕ್ಕೊಮ್ಮೆ ಮುಖ ನೋಡಿದರೆ ಹೆಚ್ಚು.

ಕಳೆದ ಮೇ ತಿಂಗಳ ಒಂದು ಬೆಳಿಗ್ಗೆ ಲೆಸ್ಲಿಗೆ ಎದೆನೋವು ಬಂತು. ಅಲ್ಲಿಯ ಡಾಕ್ಟರು ಮಾಲೆಗೆ ಕಳಿಸಲು ಹೇಳಿದರು. ವಿಮಾನಕ್ಕೆ ಹತ್ತಿಸುವ ಮೊದಲು ಅವನೇ ಫೋನ್ ಮಾಡಿದ.

"ಗಾಬರಿ ಮಾಡ್ಬೇಡ ಪೆಟ್ರೂ. ಸ್ಟ್ರೆಚರಿನಲ್ಲಿ ರಾಜನ ಹಾಗೆ ಮಲಗಿಸಿದ್ದಾರೆ. ನಿನಗೆ ಹೇಗೂ ರಜೆ ಇಲ್ಲ, ನಾನೇ ಬರ್ತಾ ಇದ್ದೇನೆ."

"ಮಾತಾಡ್ಬೇಡಿ, ಸುಮ್ಮನೆ ಮಲಗಿ. ನಾನು ಏರ್‌ಪೋರ್ಟಿಗೆ ಬರ್ತೇನೆ."

"ಗಂಜಿ ಉಂಟಾ? ಬೆಳಿಗ್ಗೆಯಿಂದ ಎಂತದ್ದೂ ತಿನ್ನಲಿಲ್ಲ."

ಅವಳು ತನ್ನ ಕೋಣೆಯ ಒಲೆಯ ಮೇಲೆ ಗಂಜಿಗೆ ಅಕ್ಕಿ ಇಟ್ಟು, ಬೆಂದ ಮೇಲೆ ಇಳಿಸಿ ಮುಚ್ಚಿಟ್ಟು, ಯೂನಿಫಾರ್ಮಿನಲ್ಲೇ ಆಂಬುಲೆನ್ಸ್ ಹತ್ತಿದಳು. ವಿಮಾನ ಇಳಿಯಿತು. ಗಾನ್‌ನಿಂದ ಲೆಸ್ಲಿಯ ಜೊತೆಗೆ ಬಂದಿದ್ದ ಪುತ್ತೂರಿನ ಕಿರಿಯ ನರ್ಸ್ ವಿಜೇತಾ ಮೆಟ್ಟಿಲಲ್ಲೇ ಅಳುತ್ತಿದ್ದಳು.

"ಅಕ್ಕಾ, ಅರ್ಧ ದಾರಿವರೆಗೂ ಮಾತಾಡ್ತಿದ್ರು. ನನ್ನಿಂದ ಆಗುವಷ್ಟು ಮಾಡಿದೆ ಅಕ್ಕಾ..."

ಪೆಟ್ರೋನಿಲ್ಲಾ ತಲೆಯಾಡಿಸಿದಳು. ಗೊತ್ತಿದ್ದೂ ಅವನ ಕುತ್ತಿಗೆಯ ಬಳಿ ಬೆರಳಿಟ್ಟಳು, ಆಮೇಲೆ ಮಣಿಕಟ್ಟಿಗೆ. ಮೈ ಇನ್ನೂ ಬೆಚ್ಚಗಿತ್ತು. "ನಿನ್ನಿಂದ ಎಂತ ಮಾಡ್ಲಿಕ್ಕಾಗ್ತದೆ ಮಾರಾಯ್ತಿ" ಎಂದು ಆ ಹುಡುಗಿಯ ಬೆನ್ನು ಸವರಿದಳು. ಪೆಟ್ರೋನಿಲ್ಲಾಳ ಅಳು ಹೊರಬಿದ್ದದ್ದು ಕೋಣೆಗೆ ಹೋಗಿ ಗಂಜಿಯ ಪಾತ್ರೆಯ ಮುಚ್ಚಳ ತೆಗೆದಾಗಲೇ.

ಊರಿನ ಇಗರ್ಜಿಯ ಸ್ಮಶಾನದಲ್ಲಿ ಅವನನ್ನು ಮಣ್ಣು ಮಾಡಿದ ಮೇಲೆ ಅವಳು ಮಾಲೆಗೆ ಹಿಂತಿರುಗಲಿಲ್ಲ. ಈಗ ಪಂಚಾಯತಿನ ಪಾಲಿಯೇಟಿವ್ ಆರೈಕೆ ತಂಡದ ಜೊತೆ ಜೀಪಿನಲ್ಲಿ ಮನೆಮನೆಗೆ ಹೋಗಿ, ಹಾಸಿಗೆ ಹಿಡಿದವರ ಗಾಯ ತೊಳೆದು ಪಟ್ಟಿ ಕಟ್ಟುತ್ತಾಳೆ. ಮೊನ್ನೆ ಕಾಲಿನ ಗಾಯ ತೊಳೆಸಿಕೊಳ್ಳುತ್ತಾ ಮುದ್ದಣ್ಣ ಎಂಬ ಅಜ್ಜ ಕೇಳಿದರು:

"ಬಾಯಮ್ಮ, ಗಂಡ ಎಂತ ಮಾಡ್ತಾರೆ?"

"ತೀರಿಕೊಂಡ್ರು ಅಜ್ಜ."

"ಹೋಗುವಾಗ ನೀವು ಹತ್ತಿರ ಇದ್ರಾ?"

ಅವಳು ಹೊಸ ಹತ್ತಿ ತೆಗೆದಳು. "ಇಲ್ಲ ಅಜ್ಜ. ಬರ್ತಾ ಇದ್ರು."

ಮುದ್ದಣ್ಣ ಕಷ್ಟಪಟ್ಟು ಕಾಲು ಸರಿಸಿ, ಮಂಚದ ಅಂಚಿನಲ್ಲಿ ಜಾಗ ಮಾಡಿಕೊಟ್ಟರು. ಅವಳು ಕುಳಿತಳು. ಹೊರಗೆ ಜೀಪಿನವನು ಹಾರ್ನ್ ಹೊಡೆದ. ಅವಳು ಕುಳಿತೇ ಇದ್ದಳು.